ಹದಿಹರೆಯದ ಅಪರಾಧ ಮತ್ತು ಸೆರೆಮನೆಯ ಬದಲಿನ ಮೇಲ್ವಿಚಾರಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿ, ಕೊಪ್ಪಳ ಮತ್ತು ರಾಯಚೂರು ಜಿಲ್ಲೆಗಳ ಪಾಲಕರು, ಶಿಕ್ಷಕರು, ಕೆಲವೊಮ್ಮೆ ಸ್ವತಃ ಹುಡುಗರು ಮಾತಿನಲ್ಲಿ, ಪತ್ರಗಳಲ್ಲಿ, ಕಾನೂನು ಅರಿವಿನ ಸಭೆ ಮುಗಿದ ಮೇಲೆ ಬಾಗಿಲ ಬಳಿ ನಿಂತು ಕೇಳಿದ ಪ್ರಶ್ನೆಗಳನ್ನು ಅವರ ಮಾತಿನಲ್ಲಿಯೇ ಇಲ್ಲಿ ಕೊಡಲಾಗಿದೆ. ಉತ್ತರಗಳಿಗೆ ಮುಖ್ಯ ಆಧಾರ 2015ರ ಬಾಲ ನ್ಯಾಯ (ಮಕ್ಕಳ ಆರೈಕೆ ಮತ್ತು ರಕ್ಷಣೆ) ಕಾಯ್ದೆ. ಹದಿನೆಂಟು ದಾಟಿದವರ ವಿಷಯಕ್ಕೆ 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯನ್ನೂ ನೋಡಲಾಗಿದೆ. ಸೆರೆಮನೆಗೆ ಕಳುಹಿಸದೆ ಷರತ್ತುಗಳೊಂದಿಗೆ ಮೇಲ್ವಿಚಾರಣೆಯಲ್ಲಿ ಬಿಡುವುದೇ ಪರಿವೀಕ್ಷಣೆ, ಅಂದರೆ ಪ್ರೊಬೇಷನ್.

## ಮೊದಲ ದಿನಗಳು

ನಮ್ಮ ಹುಡುಗನಿಗೆ ಹದಿನೇಳು. ಪೊಲೀಸರು ಕರೆದುಕೊಂಡು ಹೋಗಿದ್ದಾರೆ. ಜೈಲಿಗೆ ಹಾಕುತ್ತಾರಾ?

ಹಾಕುವಂತಿಲ್ಲ. ಹದಿನೆಂಟು ತುಂಬದ ಯಾರನ್ನೂ ಠಾಣೆಯ ಲಾಕಪ್ಪಿನಲ್ಲಿಯಾಗಲಿ ಜೈಲಿನಲ್ಲಿಯಾಗಲಿ ಇರಿಸುವುದನ್ನು ಕಾಯ್ದೆಯ 10ನೇ ಕಲಂ ಸ್ಪಷ್ಟವಾಗಿ ನಿಷೇಧಿಸುತ್ತದೆ. ಕೈಕೋಳ ತೊಡಿಸುವಂತಿಲ್ಲ, ಮತ್ತು ಪ್ರಯಾಣದ ಸಮಯವನ್ನು ಬಿಟ್ಟು 24 ಗಂಟೆಯೊಳಗೆ ಹುಡುಗನನ್ನು ಬಾಲ ನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಹುಡುಗನನ್ನು ಹಿಡಿದಿರುವ ವಿಷಯವನ್ನು ತಂದೆತಾಯಿಗೆ ತಿಳಿಸುವುದು ಠಾಣೆಯವರ ಕರ್ತವ್ಯ. ಅದು ಅವರು ತೋರುವ ಉಪಕಾರವಲ್ಲ. ಘೋರ ಅಪರಾಧದ (ಕನಿಷ್ಠ ಏಳು ವರ್ಷ ಸಜೆಯಿರುವ ಅಪರಾಧ) ಆರೋಪವಿದ್ದಾಗ ಅಥವಾ ವಯಸ್ಕರ ಜೊತೆ ಸೇರಿ ಮಾಡಿದ ಕೃತ್ಯವೆಂಬ ಆರೋಪವಿದ್ದಾಗ ಮಾತ್ರ ಎಫ್‌ಐಆರ್ ದಾಖಲಾಗುತ್ತದೆ. ಉಳಿದ ಪ್ರಕರಣಗಳಲ್ಲಿ ಠಾಣೆಯ ದಿನಚರಿಯಲ್ಲಿ ನಮೂದಿಸಿ, ಹುಡುಗನ ಸಾಮಾಜಿಕ ಹಿನ್ನೆಲೆಯ ವರದಿಯೊಂದಿಗೆ ಮಂಡಳಿಗೆ ಕಳುಹಿಸಬೇಕು.

ಜಾಮೀನಿಗೆ ಆಸ್ತಿ ಪತ್ರ ಕೇಳುತ್ತಾರೆ ಅಂತ ಊರಲ್ಲಿ ಹೇಳಿದರು. ನಮಗೆ ಹೊಲವೂ ಇಲ್ಲ, ಮನೆಯೂ ಇಲ್ಲ.

ಮಕ್ಕಳ ವಿಷಯದಲ್ಲಿ ಜಾಮೀನು ಕೊಡುವುದೇ ನಿಯಮ, ನಿರಾಕರಿಸುವುದು ಅಪವಾದ. ಭದ್ರತೆಯನ್ನು ಕೇಳದೆಯೂ ಬಿಡುಗಡೆ ಮಾಡಬಹುದು, ಪರಿವೀಕ್ಷಣಾಧಿಕಾರಿಯ (ಪ್ರೊಬೇಷನ್ ಆಫೀಸರ್) ಮೇಲ್ವಿಚಾರಣೆಗೆ ಒಪ್ಪಿಸಿಯೂ ಕಳುಹಿಸಬಹುದು. ಹೊರಗೆ ಬಂದರೆ ಹುಡುಗ ಅಪರಾಧಿಗಳ ಸಹವಾಸಕ್ಕೆ ಬೀಳುತ್ತಾನೆ, ಅವನಿಗೇ ಅಪಾಯವಾಗುತ್ತದೆ ಅಥವಾ ನ್ಯಾಯದ ಉದ್ದೇಶ ಸೋಲುತ್ತದೆ ಎಂದು ನಂಬಲು ಕಾರಣವಿದ್ದಾಗ ಮಾತ್ರ ಮಂಡಳಿ ಜಾಮೀನು ನಿರಾಕರಿಸಬಹುದು, ಮತ್ತು ಆ ಕಾರಣವನ್ನು ಬರವಣಿಗೆಯಲ್ಲಿ ದಾಖಲಿಸಬೇಕು. ಷರತ್ತು ಪೂರೈಸಲಾಗದೆ ಏಳು ದಿನ ಕಳೆದರೆ, ಷರತ್ತನ್ನೇ ಬದಲಿಸುವುದಕ್ಕಾಗಿ ಹುಡುಗನನ್ನು ಮತ್ತೆ ಮಂಡಳಿಯ ಮುಂದೆ ತರಬೇಕೆಂದು 12ನೇ ಕಲಂ ಹೇಳುತ್ತದೆ. ಬಡತನದ ಕಾರಣಕ್ಕೆ ಮಗು ವೀಕ್ಷಣಾಲಯದಲ್ಲಿ (ವಿಚಾರಣೆಯ ಅವಧಿಯಲ್ಲಿ ಮಕ್ಕಳನ್ನು ಇರಿಸುವ ಗೃಹ) ಉಳಿಯಬಾರದು ಎಂಬುದೇ ಇದರ ಅರ್ಥ. ಈ ಏಳು ದಿನದ ಮಾತು ಬಹಳ ಪಾಲಕರಿಗೆ ಗೊತ್ತೇ ಇರುವುದಿಲ್ಲ.

ಮಂಡಳಿ ಅಂದರೆ ಅದೂ ಕೋರ್ಟೇ ತಾನೇ?

ಅಧಿಕಾರದಲ್ಲಿ ಕೋರ್ಟು, ಸ್ವರೂಪದಲ್ಲಿ ಅಲ್ಲ. ಒಬ್ಬ ಮ್ಯಾಜಿಸ್ಟ್ರೇಟ್ ಮತ್ತು ಇಬ್ಬರು ಸಮಾಜ ಕಾರ್ಯಕರ್ತರು ಸೇರಿ ಕೂರುತ್ತಾರೆ. ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆಯಾಗಿರಬೇಕು. ಎತ್ತರದ ಪೀಠ, ಕಟಕಟೆ ಇರಬಾರದೆಂದು ನಿಯಮವಿದೆ. ಹುಡುಗ ಹೆದರಿ ತಲೆ ತಗ್ಗಿಸಿ ನಿಂತರೆ ಅವನ ಬಾಯಿಂದ ನಿಜ ಹೊರಬರುವುದಿಲ್ಲ ಎಂಬುದೇ ಈ ಏರ್ಪಾಡಿನ ಹಿಂದಿನ ತಿಳಿವಳಿಕೆ.

ಶಾಲೆಯಲ್ಲಿ ಜೂನ್ 1 ಅಂತ ಬರೆಸಿದ್ದೇವೆ. ಹುಟ್ಟಿದ್ದು ಯಾವಾಗಲೋ. ಯಾವ ವಯಸ್ಸು ಹಿಡಿಯುತ್ತಾರೆ?

ನಮ್ಮ ಹಳ್ಳಿಗಳ ದಾಖಲಾತಿ ವಹಿಯನ್ನು ತೆರೆದರೆ ಒಂದೇ ತರಗತಿಯ ಎಷ್ಟೋ ಮಕ್ಕಳು ಜೂನ್ 1ರಂದೇ ಹುಟ್ಟಿದವರಾಗಿರುತ್ತಾರೆ. ಶಾಲೆಗೆ ಸೇರಿಸುವ ದಿನ ತಾಯಿಯ ಕೈಯಲ್ಲಿ ಯಾವ ಕಾಗದವೂ ಇಲ್ಲದಿದ್ದಾಗ, ಪ್ರವೇಶಕ್ಕೆ ಬೇಕಾದಷ್ಟು ವಯಸ್ಸು ತುಂಬುವಂತೆ ಗುರುಗಳು ಬರೆದುಕೊಂಡ ದಿನಾಂಕ ಅದು. ಆದರೆ 94ನೇ ಕಲಂ ಮೊದಲ ಸ್ಥಾನ ಕೊಡುವುದು ಶಾಲೆಯ ಅಥವಾ ಎಸ್‌ಎಸ್‌ಎಲ್‌ಸಿಯ ಜನ್ಮ ದಿನಾಂಕದ ಪ್ರಮಾಣಪತ್ರಕ್ಕೆ. ಅದು ಇಲ್ಲದಿದ್ದರೆ ನಗರಸಭೆ ಅಥವಾ ಪಂಚಾಯಿತಿಯ ಜನನ ಪ್ರಮಾಣಪತ್ರ, ಎರಡೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆಯಂಥ ವೈದ್ಯಕೀಯ ತಪಾಸಣೆ.

ಹಾಗಾಗಿ ಗುರುಗಳು ಅಂದಾಜಿನಲ್ಲಿ ಬರೆದ ಒಂದು ಸಾಲು, ಹುಡುಗ ಮಂಡಳಿಯ ಮುಂದೆ ನಿಲ್ಲುತ್ತಾನೋ ಸಾಮಾನ್ಯ ನ್ಯಾಯಾಲಯದ ಮುಂದೆ ನಿಲ್ಲುತ್ತಾನೋ ಎಂಬುದನ್ನು ನಿರ್ಧರಿಸಬಲ್ಲದು. ಲೆಕ್ಕಕ್ಕೆ ಬರುವುದು ಕೃತ್ಯ ನಡೆದ ದಿನದ ವಯಸ್ಸು; ವಿಚಾರಣೆಯ ದಿನದ್ದಲ್ಲ. ತಾನು ಆಗ ಅಪ್ರಾಪ್ತನಾಗಿದ್ದೆ ಎಂಬ ವಾದವನ್ನು ಯಾವ ಹಂತದಲ್ಲಿಯಾದರೂ, ತೀರ್ಪಿನ ನಂತರವೂ ಎತ್ತಬಹುದು.

ಜೈಲಿಲ್ಲ ಅಂದರೆ ಬಿಟ್ಟುಬಿಟ್ಟ ಹಾಗೇ ಅಲ್ಲವೇ?

ಈ ಪ್ರಶ್ನೆಯನ್ನು ನೊಂದವರೂ ಕೇಳುತ್ತಾರೆ, ಹುಡುಗನ ಅಪ್ಪನೂ ಕೇಳುತ್ತಾನೆ. ಅಪ್ಪನ ದನಿಯಲ್ಲಿರುವುದು ನಿರಾಳ, ನೊಂದವರ ದನಿಯಲ್ಲಿರುವುದು ಸಂಕಟ. ಉತ್ತರ ಇಬ್ಬರಿಗೂ ಒಂದೇ: ಅಲ್ಲ.

ಕೃತ್ಯ ನಡೆದಿದೆ ಎಂದು ಸಾಬೀತಾದ ಮೇಲೆ 18ನೇ ಕಲಮಿನ ಅಡಿಯಲ್ಲಿ ಮಂಡಳಿಯ ಮುಂದೆ ಹಲವು ದಾರಿಗಳಿರುತ್ತವೆ. ಬುದ್ಧಿವಾದ ಹೇಳಿ, ಪಾಲಕರಿಗೂ ಆಪ್ತಸಮಾಲೋಚನೆ ಕೊಟ್ಟು ಮನೆಗೆ ಕಳುಹಿಸಬಹುದು, ಗುಂಪು ಸಮಾಲೋಚನೆಗೆ ಸೇರಿಸಬಹುದು, ಸಮುದಾಯ ಸೇವೆಗೆ ಹಚ್ಚಬಹುದು, ದಂಡ ವಿಧಿಸಬಹುದು, ಪಾಲಕರ, ಅರ್ಹ ವ್ಯಕ್ತಿಯ ಅಥವಾ ಅರ್ಹ ಸಂಸ್ಥೆಯ ಹೊಣೆಯಲ್ಲಿ ಮೂರು ವರ್ಷ ಮೀರದಂತೆ ಸನ್ನಡತೆಯ ಪರಿವೀಕ್ಷಣೆಯಲ್ಲಿ ಬಿಡಬಹುದು, ಕೊನೆಯದಾಗಿ, ಮೂರು ವರ್ಷ ಮೀರದಂತೆ ವಿಶೇಷ ಗೃಹಕ್ಕೆ (ತಪ್ಪು ಸಾಬೀತಾದ ಮಕ್ಕಳನ್ನು ಇರಿಸಿ ತಿದ್ದುವ ಗೃಹ) ಕಳುಹಿಸಬಹುದು. ಇವುಗಳ ಜೊತೆಗೆ ಶಾಲೆಗೆ ಹೋಗಬೇಕು, ವೃತ್ತಿ ತರಬೇತಿಗೆ ಸೇರಬೇಕು, ಇಂಥ ಜಾಗಕ್ಕೆ ಕಾಲಿಡಬಾರದು, ವ್ಯಸನ ಬಿಡಿಸುವ ಚಿಕಿತ್ಸೆ ಪಡೆಯಬೇಕು ಎಂದೂ ಆದೇಶಿಸಬಹುದು. ಎರಡು ಮೂರು ವರ್ಷ ಪ್ರತಿ ತಿಂಗಳೂ ತನ್ನ ನಡತೆಯ ಲೆಕ್ಕ ಒಪ್ಪಿಸುತ್ತಾ, ಬಿಟ್ಟ ಶಾಲೆಗೆ ಮರಳಿ ಹೋಗಿ ತನಗಿಂತ ಚಿಕ್ಕವರ ಜೊತೆ ಕೂರುವುದು ಹದಿನಾರರ ಹುಡುಗನಿಗೆ ಸಣ್ಣ ಭಾರವಲ್ಲ.

## ಮೇಲ್ವಿಚಾರಣೆಯ ಅವಧಿ

ಪ್ರೊಬೇಷನ್ ಆಫೀಸರ್ ಮನೆಗೆ ಬರುತ್ತಾರಂತೆ. ಏನು ಹೇಳಬೇಕು, ಏನು ಹೇಳಬಾರದು?

ಇಡೀ ಪ್ರಕ್ರಿಯೆಯಲ್ಲಿ ಪಾಲಕರ ಕೈಯಲ್ಲಿ ನಿಜವಾಗಿ ಏನಾದರೂ ಇದ್ದರೆ ಅದು ಈ ಭೇಟಿಯಲ್ಲಿಯೇ. ಪರಿವೀಕ್ಷಣಾಧಿಕಾರಿ ಎರಡು ವಾರದೊಳಗೆ ಸಾಮಾಜಿಕ ತನಿಖಾ ವರದಿಯನ್ನು ಮಂಡಳಿಗೆ ಸಲ್ಲಿಸಬೇಕು, ಮತ್ತು ಯಾವ ಆದೇಶ ಸೂಕ್ತವೆಂದು ನಿರ್ಧರಿಸುವಾಗ ಮಂಡಳಿ ಆ ವರದಿಯನ್ನು ಮುಂದಿಟ್ಟುಕೊಂಡು ಯೋಚಿಸುತ್ತದೆ. ವಕೀಲರ ವಾದಕ್ಕಿಂತ ಈ ವರದಿಯ ತೂಕ ಹೆಚ್ಚು ಎಂಬುದು ನನ್ನ ಖಚಿತ ಅಭಿಪ್ರಾಯ.

ಅಧಿಕಾರಿ ಬಂದಾಗ ಮನೆಯವರು ಸಾಮಾನ್ಯವಾಗಿ ಕುರ್ಚಿ ತರಿಸಿ, ಚಹಾ ಕೊಟ್ಟು, "ನಮ್ಮ ಹುಡುಗ ಬಂಗಾರದಂಥವನು, ದೋಸ್ತರಿಂದ ಕೆಟ್ಟ" ಎಂಬ ಒಂದೇ ಮಾತನ್ನು ಹೇಳಿ ಮುಗಿಸುತ್ತಾರೆ. ಕೇಳಬೇಕಾದ ಪ್ರಶ್ನೆಗಳು ಬೇರೆಯೇ ಇರುತ್ತವೆ: ರಾತ್ರಿ ಎಲ್ಲಿ ಮಲಗುತ್ತಾನೆ, ಶಾಲೆ ಬಿಟ್ಟದ್ದು ಯಾವ ತರಗತಿಯಲ್ಲಿ ಮತ್ತು ಏಕೆ, ದುಡಿದ ಹಣ ಯಾರ ಕೈಗೆ ಹೋಗುತ್ತದೆ, ಮನೆಯಲ್ಲಿ ಯಾರು ಕುಡಿಯುತ್ತಾರೆ, ಯಾರು ಹೊಡೆಯುತ್ತಾರೆ, ಅವನು ಯಾರ ಮಾತು ಕೇಳುತ್ತಾನೆ. ಒಂಬತ್ತನೇ ತರಗತಿಗೆ ಶಾಲೆ ಬಿಡಿಸಿ ಬಳ್ಳಾರಿಯ ಜೀನ್ಸ್ ಘಟಕದಲ್ಲಿ ದಾರ ಕತ್ತರಿಸಲು ಕಳುಹಿಸಿದ್ದರೆ ಅದನ್ನು ನಾಚಿಕೆಯಿಂದ ಮುಚ್ಚಿಡುತ್ತಾರೆ. ಆದರೆ ಅದನ್ನು ಹೇಳದಿದ್ದರೆ ಅವನಿಗೆ ಮತ್ತೆ ಶಾಲೆಯ ದಾರಿ ತೋರಿಸುವ ಷರತ್ತು ಆದೇಶದಲ್ಲಿ ಬರುವುದು ಹೇಗೆ? ಅವನು ಹೆದರುವ ಮಾವನೊಬ್ಬ, ಇಷ್ಟಪಡುವ ಗುರುವೊಬ್ಬರು, ಕೆಲಸ ಕಲಿಸಲು ಒಪ್ಪುವ ವೆಲ್ಡಿಂಗ್ ಅಂಗಡಿಯವರೊಬ್ಬರು ಇದ್ದರೆ ಅವರ ಹೆಸರು ಹೇಳಿ. ಸಾಧ್ಯವಾದರೆ ಅವರನ್ನೇ ಆ ದಿನ ಮನೆಗೆ ಕರೆಯಿರಿ.

ತಪ್ಪು ಒಪ್ಪಿಕೊಂಡುಬಿಟ್ಟರೆ ಬೇಗ ಮುಗಿಯುತ್ತದೆ ಎನ್ನುತ್ತಾರೆ. ಒಪ್ಪಿಕೊಳ್ಳಲೇ?

ಮಾಡದ ತಪ್ಪನ್ನು ಒಪ್ಪಿಕೊಳ್ಳಬಾರದು. ಬೇಗ ಮುಗಿಯಲಿ ಎಂಬ ಆಸೆಗೆ ಮಗುವಿನ ಬಾಯಲ್ಲಿ ಸುಳ್ಳು ಹೇಳಿಸುವುದು ಅವನಿಗೆ ಕಲಿಸಬಹುದಾದ ಅತ್ಯಂತ ಕೆಟ್ಟ ಪಾಠ. ವಿಚಾರಣೆ ಮೊದಲ ಹಾಜರಾತಿಯಿಂದ ನಾಲ್ಕು ತಿಂಗಳಲ್ಲಿ ಮುಗಿಯಬೇಕು, ಎರಡು ತಿಂಗಳು ವಿಸ್ತರಿಸಬಹುದು. ಸಣ್ಣ ಅಪರಾಧದ ಪ್ರಕರಣ ವಿಸ್ತರಿಸಿದ ಅವಧಿಯಲ್ಲೂ ಮುಗಿಯದಿದ್ದರೆ ಅಲ್ಲಿಗೇ ಕೊನೆಗೊಳ್ಳುತ್ತದೆ. ಆರೋಪ ಸಾಬೀತಾಗದಿದ್ದರೆ ಹಾಗೆಂದೇ ಮಂಡಳಿ ಆದೇಶ ಕೊಡುತ್ತದೆ.

ಸಮುದಾಯ ಸೇವೆ ಅಂತ ಬಸ್ ಸ್ಟ್ಯಾಂಡಿನಲ್ಲಿ ಕಸ ಗುಡಿಸಲು ನಿಲ್ಲಿಸುತ್ತಾರೇನು? ಮರ್ಯಾದೆ ಹೋಗುತ್ತದೆ.

ಹದಿನಾಲ್ಕು ದಾಟಿದವರಿಗೆ ಮಾತ್ರ ಈ ಆದೇಶ ಅನ್ವಯಿಸುತ್ತದೆ. ನಿಯಮಗಳು ಉದಾಹರಣೆಯಾಗಿ ಹೇಳುವುದು ಉದ್ಯಾನದ ನಿರ್ವಹಣೆ, ವೃದ್ಧರ ಸೇವೆ, ಆಸ್ಪತ್ರೆಯಲ್ಲಿ ನೆರವು, ವಿಕಲಚೇತನ ಮಕ್ಕಳ ಸೇವೆ, ಸಂಚಾರ ಸ್ವಯಂಸೇವೆ. ಹುಡುಗನನ್ನು ನಾಲ್ಕು ಜನರ ಮುಂದೆ ಹೀನಾಯಗೊಳಿಸುವುದು ಇದರ ಉದ್ದೇಶವಲ್ಲ; ಹಾಗೆ ಯಾರಾದರೂ ಮಾಡಿಸಿದರೆ ಅದನ್ನು ಮಂಡಳಿಯ ಗಮನಕ್ಕೆ ತರಬೇಕು. ವೃದ್ಧಾಶ್ರಮದಲ್ಲಿ ಊಟ ಬಡಿಸಿದರೆ ಮರ್ಯಾದೆ ಹೋಗುತ್ತದೆ ಎಂದುಕೊಳ್ಳುವ ಪಾಲಕರು ಆ ಭಾವನೆಯನ್ನು ಹುಡುಗನ ಮುಂದೆ ಆಡದಿರುವುದು ಒಳ್ಳೆಯದು.

ದಸರಾ ಮುಗಿದ ಮೇಲೆ ನಾವು ಗುಳೆ ಹೋಗುತ್ತೇವೆ. ಹುಡುಗನನ್ನು ಯಾರ ಹತ್ತಿರ ಬಿಡುವುದು?

ದೇವದುರ್ಗ, ಲಿಂಗಸುಗೂರು, ಕುಷ್ಟಗಿ, ಯಲಬುರ್ಗಾ ಕಡೆಯ ಒಣಬೇಸಾಯದ ಮನೆಗಳಲ್ಲಿ ಇದು ಅತ್ಯಂತ ನಿಜವಾದ ತೊಡಕು. ಆದೇಶದಲ್ಲಿ "ಪಾಲಕರ ಮೇಲ್ವಿಚಾರಣೆಯಲ್ಲಿ" ಎಂದಿರುತ್ತದೆ. ಪಾಲಕರು ಬೆಂಗಳೂರಿನಲ್ಲಿ ಕಟ್ಟಡದ ಕೆಲಸದಲ್ಲಿರುತ್ತಾರೆ, ಹುಡುಗ ಬೀಗ ಹಾಕಿದ ಮನೆಯ ಕಟ್ಟೆಯ ಮೇಲೆ ಇರುತ್ತಾನೆ. ಅಧಿಕಾರಿ ಬಂದಾಗ ಅವನು ಸಿಗುವುದಿಲ್ಲ, "ತಲೆಮರೆಸಿಕೊಂಡಿದ್ದಾನೆ" ಎಂಬ ಅರ್ಥ ಬರುತ್ತದೆ. ಹುಡುಗ ತಪ್ಪು ಮಾಡದೆಯೇ ಷರತ್ತು ಮುರಿದವನಾಗುತ್ತಾನೆ.

ಇದಕ್ಕೆ ಕಾಯ್ದೆಯಲ್ಲಿ ದಾರಿಯಿದೆ. ಯಾರ ಆರೈಕೆಯಲ್ಲಿ ಅಥವಾ ಮೇಲ್ವಿಚಾರಣೆಯಲ್ಲಿ ಮಗು ಇರಬೇಕು ಎಂಬ ತನ್ನದೇ ಆದೇಶವನ್ನು, ಅರ್ಜಿ ಬಂದಾಗ, ತಿದ್ದುವ ಅಧಿಕಾರವನ್ನು 104ನೇ ಕಲಂ ಮಂಡಳಿಗೆ ಕೊಟ್ಟಿದೆ. ಆದ್ದರಿಂದ ಗಂಟು ಕಟ್ಟುವ ಮೊದಲೇ ಮಂಡಳಿಗೆ ಒಂದು ಅರ್ಜಿ ಕೊಡಿ: ಎಲ್ಲಿಗೆ ಹೋಗುತ್ತೇವೆ, ಯಾವಾಗ ಮರಳುತ್ತೇವೆ, ಅಷ್ಟು ದಿನ ಹುಡುಗ ಅಜ್ಜಿಯ ಬಳಿಯೋ ಸೋದರಮಾವನ ಬಳಿಯೋ ಇರುತ್ತಾನೆ ಎಂದು ಬರೆಯಿರಿ. ನೋಡಿಕೊಳ್ಳಲು ಸಿದ್ಧವಿರುವವರನ್ನು ಅರ್ಹ ವ್ಯಕ್ತಿಯೆಂದು ಮಂಡಳಿ ಪರಿಗಣಿಸಬಹುದು. ಅರ್ಜಿ ಬರೆಯಲು ಬಾರದಿದ್ದರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಅಥವಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿಯಲ್ಲಿ ಸಹಾಯ ಕೇಳಿ. ಹುಡುಗನನ್ನು ಜೊತೆಗೇ ಕರೆದುಕೊಂಡು ಹೋಗುವುದೊಂದೇ ದಾರಿಯಾದರೆ ಅದನ್ನೂ ಮುಂಚೆಯೇ ಹೇಳಿ ಅನುಮತಿ ಪಡೆಯಿರಿ.

ಗಾಂಜಾ ಸೇದುತ್ತಾನೆ. ಹೇಳಿದರೆ ಇನ್ನೊಂದು ಕೇಸು ಹಾಕುತ್ತಾರೆಂಬ ಭಯ.

ಭಯದಿಂದ ಮುಚ್ಚಿಟ್ಟರೆ ಚಿಕಿತ್ಸೆ ತಪ್ಪುತ್ತದೆ, ಚಿಕಿತ್ಸೆ ತಪ್ಪಿದರೆ ಉಳಿದ ಷರತ್ತುಗಳೂ ಉಳಿಯುವುದಿಲ್ಲ. ವ್ಯಸನಮುಕ್ತಿ ಕಾರ್ಯಕ್ರಮಕ್ಕೆ ಸೇರಿಸುವ ಅಧಿಕಾರ ಮಂಡಳಿಗಿರುವುದೇ ಇಂಥವರಿಗಾಗಿ. ಮೊದಲು ಉಚಿತ ವಕೀಲರೊಂದಿಗೆ ಮಾತನಾಡಿ, ಅವರ ಮೂಲಕ ವಿಷಯವನ್ನು ಮಂಡಳಿಯ ಮುಂದಿಡಿ. ವೈದ್ಯರ ಸೂಚನೆಯಿಲ್ಲದೆ ಮಗುವಿಗೆ ಮದ್ಯ, ಮಾದಕ ವಸ್ತು ಅಥವಾ ತಂಬಾಕು ಕೊಟ್ಟವರಿಗೆ 77ನೇ ಕಲಮಿನಲ್ಲಿ ಏಳು ವರ್ಷದವರೆಗೆ ಕಠಿಣ ಸಜೆ ಮತ್ತು ಒಂದು ಲಕ್ಷ ರೂಪಾಯಿವರೆಗೆ ದಂಡವಿದೆ. ವಿಚಾರಣೆ ಅತ್ತ ತಿರುಗಬೇಕಾದದ್ದು ನ್ಯಾಯ.

ಒಂದು ತಾರೀಖಿಗೆ ಹೋಗಲಿಲ್ಲ. ಈಗ ವಿಶೇಷ ಗೃಹಕ್ಕೆ ಕಳುಹಿಸಿಬಿಡುತ್ತಾರಾ?

ಒಂದು ದಿನ ತಪ್ಪಿದ್ದಕ್ಕೆ ಯಾರೂ ಹಾಗೆ ಮಾಡುವುದಿಲ್ಲ. ಮರುದಿನವೇ ಹೋಗಿ ಕಾರಣ ತಿಳಿಸಿ. ಜ್ವರವಿದ್ದರೆ ಆಸ್ಪತ್ರೆಯ ಚೀಟಿ ತೋರಿಸಿ. ಹೇಳದೆ ಕೇಳದೆ ಮೂರು ನಾಲ್ಕು ಸಲ ತಪ್ಪಿಸುವುದೇ ತೊಂದರೆಗೆ ಮೂಲ.

## ಊರು, ಶಾಲೆ, ನೌಕರಿ

ಮುಂದೆ ಸರ್ಕಾರಿ ನೌಕರಿಗೆ ಅಡ್ಡಿಯಾಗುತ್ತದೆಯೇ? 371 ಜೆ ಮೀಸಲಾತಿ ಇದ್ದೂ ಕಳೆದುಕೊಳ್ಳುತ್ತಾನಾ?

ಈ ಭಾಗದವರಿಗೆ ನೌಕರಿಯಲ್ಲಿ ಮೀಸಲಾತಿಗೆ ದಾರಿ ಮಾಡಿದ ಸಂವಿಧಾನದ ವಿಧಿ 371 ಜೆ; ಹಾಗಾಗಿ ಕಲ್ಯಾಣ ಕರ್ನಾಟಕದ ಮನೆಗಳಲ್ಲಿ ಈ ಚಿಂತೆ ಸಹಜ. ಕಾಯ್ದೆಯ ಅಡಿಯಲ್ಲಿ ವಿಚಾರಣೆಗೊಳಗಾದ ಮಗುವಿಗೆ ಆ ಕಾರಣದಿಂದ ಯಾವ ಅನರ್ಹತೆಯೂ ತಟ್ಟುವುದಿಲ್ಲವೆಂದು 24ನೇ ಕಲಂ ಹೇಳುತ್ತದೆ. ಬೇರೆ ಯಾವ ಕಾನೂನಿನಲ್ಲಿ ಏನೇ ಇದ್ದರೂ ಇದೇ ನಿಲ್ಲುತ್ತದೆ. ಮೇಲ್ಮನವಿಯ ಅವಧಿ ಮುಗಿದ ಮೇಲೆ ದಾಖಲೆಗಳನ್ನು ನಾಶಪಡಿಸಬೇಕು, ಮತ್ತು ಮುಗಿದ ಪ್ರಕರಣದ ವಿವರವನ್ನು ನಡತೆ ಪ್ರಮಾಣಪತ್ರಕ್ಕಾಗಿ ಪೊಲೀಸರು ಹೊರಗೆಡಹುವಂತಿಲ್ಲ. ಒಂದೇ ಒಂದು ಹೊರತು ಇದೆ: ಹದಿನಾರು ದಾಟಿ, ಘೋರ ಅಪರಾಧಕ್ಕಾಗಿ ಮಕ್ಕಳ ನ್ಯಾಯಾಲಯದಲ್ಲಿ (ಮಂಡಳಿಗಿಂತ ಮೇಲಿನ, ಸೆಷನ್ಸ್ ಮಟ್ಟದ ನ್ಯಾಯಾಲಯ) ವಯಸ್ಕನಂತೆ ವಿಚಾರಣೆಗೊಳಗಾಗಿ ತಪ್ಪಿತಸ್ಥನೆಂದು ಕಂಡುಬಂದವನಿಗೆ ಈ ರಕ್ಷಣೆ ಇಲ್ಲ.

ಹುಡುಗನ ಫೋಟೋ ಊರಿನ ವಾಟ್ಸಾಪ್ ಗುಂಪಿನಲ್ಲಿ ಹರಿದಾಡುತ್ತಿದೆ. ಏನು ಮಾಡುವುದು?

ಹೆಸರು, ವಿಳಾಸ, ಶಾಲೆ, ಚಿತ್ರ, ಗುರುತು ಹಿಡಿಸುವ ಇನ್ನಾವುದೇ ವಿವರವನ್ನು ಪ್ರಕಟಿಸುವುದು 74ನೇ ಕಲಮಿನ ಪ್ರಕಾರ ಅಪರಾಧ. ಆರು ತಿಂಗಳವರೆಗೆ ಸಜೆ, ಎರಡು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಸಂದೇಶದ ಚಿತ್ರವನ್ನು ದಿನಾಂಕದೊಂದಿಗೆ ಉಳಿಸಿಕೊಂಡು ಠಾಣೆಗೂ ಮಂಡಳಿಗೂ ದೂರು ಕೊಡಿ. ಅದನ್ನು ಕಳುಹಿಸಿದವರು ಬಹುಮಟ್ಟಿಗೆ ಓಣಿಯವರೇ, ಗುರುತಿನವರೇ ಆಗಿರುತ್ತಾರೆ. ಆ ಕಾರಣಕ್ಕೆ ಸುಮ್ಮನಿರಬೇಡಿ. ಮೂರು ವರ್ಷದ ಪರಿವೀಕ್ಷಣೆಯಲ್ಲಿ ಕಟ್ಟಿದ್ದನ್ನು ಒಂದು ಫೋಟೋ ಒಂದೇ ಸಂಜೆಯಲ್ಲಿ ಕೆಡವುತ್ತದೆ.

ಬೈಕ್ ಕೊಟ್ಟದ್ದು ನಾನು. ಅಪಘಾತ ಮಾಡಿದ್ದು ಮಗ. ಕೇಸು ಯಾರ ಮೇಲೆ?

ಇಬ್ಬರ ಮೇಲೂ. ಮಗನದ್ದು ಮಂಡಳಿಯ ಮುಂದೆ ನಡೆಯುತ್ತದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 199ಎ ಕಲಮಿನ ಪ್ರಕಾರ ಪಾಲಕರು ಅಥವಾ ವಾಹನದ ಮಾಲೀಕರು ಮೂರು ವರ್ಷದವರೆಗಿನ ಸಜೆ ಮತ್ತು 25,000 ರೂಪಾಯಿ ದಂಡಕ್ಕೆ ಗುರಿಯಾಗಬಹುದು, ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದಾಗುತ್ತದೆ, ಹುಡುಗನಿಗೆ 25 ವರ್ಷ ತುಂಬುವವರೆಗೆ ಚಾಲನಾ ಪರವಾನಗಿ ಸಿಗುವುದಿಲ್ಲ.

ನಮ್ಮ ಮಗನಿಗೆ ಹೊಡೆದವನು ಮನೆಯಲ್ಲೇ ಇದ್ದಾನೆ. ನಮಗೇನು ನ್ಯಾಯ ಸಿಕ್ಕಿತು?

ಈ ನೋವಿಗೆ ಕಾನೂನಿನ ಉತ್ತರ ಇನ್ನೂ ಅಪೂರ್ಣ ಎಂದೇ ನಾನು ಭಾವಿಸುತ್ತೇನೆ. ಮಂಡಳಿಯ ಪ್ರಕ್ರಿಯೆ ತಪ್ಪು ಮಾಡಿದ ಮಗುವಿನ ಸುತ್ತಲೇ ಕಟ್ಟಲ್ಪಟ್ಟಿದೆ. ನೊಂದವರಿಗೆ ಅಲ್ಲಿ ಏನು ನಡೆಯಿತೆಂಬ ಮಾಹಿತಿಯೂ ಸರಿಯಾಗಿ ತಲುಪುವುದಿಲ್ಲ. ಆದರೂ ಮೂರು ಸಂಗತಿಗಳನ್ನು ತಿಳಿದಿರಬೇಕು. ಚಿಕಿತ್ಸೆಯ ವೆಚ್ಚ ಮತ್ತು ಹಾನಿಗಾಗಿ ಸಂತ್ರಸ್ತರ ಪರಿಹಾರ ಯೋಜನೆಯಡಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ಹೊಡೆದವನು ನಿಮ್ಮ ಓಣಿಗೆ, ನಿಮ್ಮ ಮಗನ ಶಾಲೆಗೆ ಬರದಂತೆ ಷರತ್ತು ಹಾಕಬೇಕೆಂದು ಮಂಡಳಿಯನ್ನು ಕೇಳಬಹುದು. ಮಂಡಳಿಯ ಆದೇಶದಿಂದ ಬಾಧಿತರಾದ ಯಾರಿಗಾದರೂ ಮೇಲ್ಮನವಿಯ ಹಕ್ಕಿದೆ; ಆದರೆ ಆರೋಪ ಸಾಬೀತಾಗಿಲ್ಲವೆಂಬ ಆದೇಶದ ವಿರುದ್ಧ, ಹದಿನಾರು ದಾಟಿದವನ ಘೋರ ಅಪರಾಧದ ಪ್ರಕರಣವನ್ನು ಬಿಟ್ಟು, ಮೇಲ್ಮನವಿ ಇಲ್ಲ.

## ಕಠಿಣ ಪ್ರಕರಣಗಳು

ಕೊಲೆಯಾದರೂ ಮೂರೇ ವರ್ಷವಾ?

ಯಾವಾಗಲೂ ಅಲ್ಲ. ಕಾಯ್ದೆ ಅಪರಾಧಗಳನ್ನು ಮೂರಾಗಿ ವಿಂಗಡಿಸುತ್ತದೆ: ಗರಿಷ್ಠ ಮೂರು ವರ್ಷದವರೆಗಿನ ಸಜೆಯವು ಸಣ್ಣ ಅಪರಾಧ, ಕನಿಷ್ಠ ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಸಜೆಯವು ಘೋರ ಅಪರಾಧ, ನಡುವಿನವು ಗಂಭೀರ ಅಪರಾಧ. ಗರಿಷ್ಠ ಶಿಕ್ಷೆ ದೊಡ್ಡದಾಗಿದ್ದು ಕನಿಷ್ಠ ಶಿಕ್ಷೆಯನ್ನೇ ನಿಗದಿಪಡಿಸದ ಅಪರಾಧಗಳು ಎಲ್ಲಿ ಸೇರಬೇಕೆಂಬ ಗೊಂದಲವಿತ್ತು. ಅವು ಗಂಭೀರ ವರ್ಗಕ್ಕೇ ಸೇರುತ್ತವೆಂದು 2020ರಲ್ಲಿ ಶಿಲ್ಪಾ ಮಿತ್ತಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2021ರ ತಿದ್ದುಪಡಿ ಅದನ್ನು ಕಾಯ್ದೆಯಲ್ಲಿಯೇ ಬರೆಯಿತು.

ಘೋರ ಅಪರಾಧದ ಆರೋಪವಿದ್ದು ಹುಡುಗನಿಗೆ ಹದಿನಾರು ತುಂಬಿದ್ದರೆ, ಮಂಡಳಿ 15ನೇ ಕಲಮಿನ ಅಡಿಯಲ್ಲಿ ಮೂರು ತಿಂಗಳೊಳಗೆ ಪ್ರಾಥಮಿಕ ಪರಿಶೀಲನೆ ನಡೆಸುತ್ತದೆ: ಆ ಕೃತ್ಯ ಮಾಡುವ ಮಾನಸಿಕ, ದೈಹಿಕ ಸಾಮರ್ಥ್ಯ ಅವನಿಗಿತ್ತೇ, ಪರಿಣಾಮ ಅರ್ಥವಾಗುತ್ತಿತ್ತೇ, ಯಾವ ಸನ್ನಿವೇಶದಲ್ಲಿ ಹಾಗಾಯಿತು. ಇದು ಅಪರಾಧದ ವಿಚಾರಣೆಯಲ್ಲ. ಮಂಡಳಿಯಲ್ಲಿ ಮನಶ್ಶಾಸ್ತ್ರದ ಪರಿಣತರಿಲ್ಲದಿದ್ದರೆ ತಜ್ಞರ ನೆರವು ಪಡೆಯಲೇಬೇಕೆಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಪರಿಶೀಲನೆಯ ನಂತರ ಪ್ರಕರಣ ಮಕ್ಕಳ ನ್ಯಾಯಾಲಯಕ್ಕೆ ಹೋದರೂ, ಅಲ್ಲಿ ತಪ್ಪಿತಸ್ಥನೆಂದು ಕಂಡುಬಂದವನನ್ನು 21 ವರ್ಷ ತುಂಬುವವರೆಗೆ ಸುರಕ್ಷಿತ ಸ್ಥಳದಲ್ಲಿ (ಜೈಲಲ್ಲದ, ಇಂಥವರಿಗಾಗಿ ಇರುವ ಸಂಸ್ಥೆ) ಇರಿಸಬೇಕು. ಅವನಿಗಾಗಿಯೇ ಆರೈಕೆ ಯೋಜನೆ ಇರಬೇಕು, ಓದು, ಕೌಶಲ, ಸಮಾಲೋಚನೆ ದೊರೆಯಬೇಕು. 21 ತುಂಬಿದಾಗ ಅವನು ಬದಲಾಗಿದ್ದಾನೆಯೇ ಎಂದು ನ್ಯಾಯಾಲಯ ಮತ್ತೆ ನೋಡುತ್ತದೆ. ಬದಲಾಗಿದ್ದರೆ ಮೇಲ್ವಿಚಾರಣೆಯ ಷರತ್ತುಗಳೊಂದಿಗೆ ಬಿಡಬಹುದು, ಇಲ್ಲವಾದರೆ ಉಳಿದ ಅವಧಿಗೆ ಜೈಲು. ಮರಣದಂಡನೆಯಾಗಲಿ ಬಿಡುಗಡೆಯ ಅವಕಾಶವೇ ಇಲ್ಲದ ಜೀವಾವಧಿಯಾಗಲಿ ಯಾವ ಸಂದರ್ಭದಲ್ಲೂ ಇಲ್ಲ.

ಮರಳು ಟ್ರ್ಯಾಕ್ಟರಿನವರು ದುಡ್ಡು ಕೊಟ್ಟು ಹುಡುಗನನ್ನು ಮುಂದೆ ಬಿಟ್ಟಿದ್ದರು. ಎಲ್ಲರದ್ದೂ ಒಂದೇ ಕೇಸಾ?

ಒಂದೇ ಕೃತ್ಯವಾದರೂ ಮಗುವಿನ ವಿಚಾರಣೆ ಮತ್ತು ವಯಸ್ಕರ ವಿಚಾರಣೆ ಒಟ್ಟಿಗೆ ನಡೆಯುವಂತಿಲ್ಲ. ಮಕ್ಕಳನ್ನು ಅಕ್ರಮ ಚಟುವಟಿಕೆಗೆ ಬಳಸಿದ ವಯಸ್ಕರಿಗೆ 83ನೇ ಕಲಮಿನಲ್ಲಿ ಏಳು ವರ್ಷದವರೆಗೆ ಕಠಿಣ ಸಜೆ ಮತ್ತು ಐದು ಲಕ್ಷ ರೂಪಾಯಿ ದಂಡವಿದೆ. ತುಂಗಭದ್ರೆಯ ದಂಡೆಯಲ್ಲಿ ಹಿಡಿಯಲ್ಪಟ್ಟ ಹುಡುಗ ಯಾರ ಕೂಲಿಗೆ ಬಂದಿದ್ದ ಎಂಬುದನ್ನು ಸಾಮಾಜಿಕ ತನಿಖಾ ವರದಿಯಲ್ಲಿ ಬರೆಸದಿದ್ದರೆ ಮಾಲೀಕರು ಹೊರಗುಳಿಯುತ್ತಾರೆ.

ಅವನಿಗೆ ಹತ್ತೊಂಬತ್ತು. ಹದಿನೆಂಟು ದಾಟಿದ ಮೇಲೆ ದಾರಿ ಮುಚ್ಚಿತೇ?

ಇಲ್ಲ. 1958ರ ಕಾಯ್ದೆಯ 6ನೇ ಕಲಂ ಇಂಥವರಿಗಾಗಿಯೇ ಇದೆ. 21 ತುಂಬದವನು, ಜೀವಾವಧಿ ಶಿಕ್ಷೆಗೆ ಅರ್ಹವಲ್ಲದ ಅಪರಾಧದಲ್ಲಿ ತಪ್ಪಿತಸ್ಥನಾದರೆ, ನ್ಯಾಯಾಲಯ ಪರಿವೀಕ್ಷಣಾಧಿಕಾರಿಯ ವರದಿ ತರಿಸಿಕೊಳ್ಳಬೇಕು. ಎಚ್ಚರಿಕೆ ನೀಡಿ ಅಥವಾ ಸನ್ನಡತೆಯ ಮುಚ್ಚಳಿಕೆ ಪಡೆದು ಬಿಡುವುದು ಏಕೆ ಸೂಕ್ತವಲ್ಲವೆಂದು ಕಾರಣ ಬರೆಯದೆ ಜೈಲಿಗೆ ಕಳುಹಿಸುವಂತಿಲ್ಲ. ಇಲ್ಲಿ ಒಂದು ಸೂಕ್ಷ್ಮವಿದೆ. ಈ ಕಲಮಿಗೆ ಲೆಕ್ಕಕ್ಕೆ ಬರುವುದು ಶಿಕ್ಷೆ ವಿಧಿಸುವ ದಿನದ ವಯಸ್ಸು, ಕೃತ್ಯದ ದಿನದ್ದಲ್ಲ. ವಿಚಾರಣೆ ಎಳೆದಾಡಿ 21 ದಾಟಿದರೆ ಈ ರಕ್ಷಣೆ ಕೈತಪ್ಪುತ್ತದೆ, ಆದ್ದರಿಂದ ತಾರೀಖು ಮುಂದೂಡಿಸುವುದೇ ಜಾಣತನ ಎಂದುಕೊಳ್ಳಬೇಡಿ. ಸನ್ನಡತೆಯ ಮುಚ್ಚಳಿಕೆಯ ಮೇಲೆ ಬಿಡುವ, ವಯಸ್ಸಿನ ಮಿತಿಯಿಲ್ಲದ 4ನೇ ಕಲಂ ಆಗಲೂ ಉಳಿದಿರುತ್ತದೆ, ಆದರೆ ಅದು ನ್ಯಾಯಾಲಯದ ವಿವೇಚನೆಗೆ ಬಿಟ್ಟದ್ದು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆ ಸಮುದಾಯ ಸೇವೆಯನ್ನು ಶಿಕ್ಷೆಗಳ ಪಟ್ಟಿಗೆ ಸೇರಿಸಿದೆ. ಐದು ಸಾವಿರ ರೂಪಾಯಿಗಿಂತ ಕಡಿಮೆ ಮೌಲ್ಯದ ವಸ್ತುವಿನ ಕಳವಿನಲ್ಲಿ ಮೊದಲ ಬಾರಿ ತಪ್ಪಿತಸ್ಥನಾದವನು ವಸ್ತುವನ್ನೋ ಅದರ ಬೆಲೆಯನ್ನೋ ಹಿಂತಿರುಗಿಸಿದರೆ ಸಮುದಾಯ ಸೇವೆಯೇ ಅವನ ಶಿಕ್ಷೆ.

ಮಂಡಳಿಯ ಆದೇಶ ಒಪ್ಪಿಗೆಯಾಗದಿದ್ದರೆ ಎಲ್ಲಿಗೆ ಹೋಗಬೇಕು? ವಕೀಲರಿಗೆ ಕೊಡಲು ಹಣವಿಲ್ಲ.

ಮೂವತ್ತು ದಿನದೊಳಗೆ ಮಕ್ಕಳ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಬೇಕು. ತಡವಾದರೆ ಸಕಾರಣ ತೋರಿಸಬೇಕಾಗುತ್ತದೆ. ಅದರಾಚೆಗೆ ಹೈಕೋರ್ಟಿನ ಮುಂದೆ ಪುನರ್‌ಪರಿಶೀಲನೆ: ಬಳ್ಳಾರಿ ಮತ್ತು ಕೊಪ್ಪಳದವರಿಗೆ ಧಾರವಾಡ ಪೀಠ, ರಾಯಚೂರಿನವರಿಗೆ ಕಲಬುರಗಿ ಪೀಠ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಮಕ್ಕಳಿಗೆ ಕುಟುಂಬದ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವಿನ ಹಕ್ಕಿದೆ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಪ್ರಾಧಿಕಾರದ ಕಚೇರಿಗೆ ಆದೇಶದ ಪ್ರತಿ, ಶಾಲಾ ದಾಖಲೆ ಮತ್ತು ಆಧಾರ್ ಹಿಡಿದು ಹೋಗಿ, ಅಥವಾ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ. ಮಗುವಿಗೆ ತಕ್ಷಣದ ಅಪಾಯವಿದ್ದರೆ ಮಕ್ಕಳ ಸಹಾಯವಾಣಿ 1098 ಹಗಲಿರುಳೂ ತೆರೆದಿರುತ್ತದೆ.